ಕೋವಿಗೊಂದು ಬೀಗದ ಮನೆ

ತೋಟದ ಮನೆಗಳಲ್ಲಿ ಕೋವಿ ಇಡುವ ಜಾಗ ಯಾವುದೆಂದು ಊರಿಗೆಲ್ಲ ಗೊತ್ತು. ಮಲಗುವ ಕೋಣೆಯ ಬಾಗಿಲ ಸಂದಿ, ಬೀರುವಿನ ಮೇಲ್ಭಾಗ, ಮಂಚದ ಅಡಿ, ಹಳೆಯ ಮನೆಯಾದರೆ ಅಟ್ಟ. ಕೆಲವು ಕಡೆ ಪಡಸಾಲೆಯ ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ. ತೋಟಾಗಳು ಬೀರುವಿನ ಒಳಖಾನೆಯಲ್ಲಿ, ಸೀರೆಗಳ ಅಡಿಯಲ್ಲಿ. ಕೊಡಗು, ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಹೀಗೆ ಕಾಫಿ, ಅಡಿಕೆ, ಗದ್ದೆಗಳ ಈ ಸೀಮೆಯಲ್ಲಿ ಕೋವಿ ಇರುವ ಮನೆ ಅಪರೂಪವಲ್ಲ. ಆ ಕೋವಿಗೆಂದೇ ಗೋಡೆಗೆ ಬಿಗಿದ, ಬೀಗ ಹಾಕಿದ ಉಕ್ಕಿನ ಪೆಟ್ಟಿಗೆ ಇರುವ ಮನೆ, ನಾನು ಕಂಡ ಮಟ್ಟಿಗೆ, ತೀರಾ ಕಡಿಮೆ. ಅಂಥ ಪೆಟ್ಟಿಗೆಯನ್ನು ಆರಿಸುವುದು ಹೇಗೆ, ಮನೆಯಲ್ಲಿ ಎಲ್ಲಿ ಕೂರಿಸಬೇಕು ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕೊಡಗಿನಿಂದಲೇ ಶುರು ಮಾಡಬೇಕು. ಅಲ್ಲಿ ಕೋವಿಗೆ ಇರುವ ಸ್ಥಾನ ದೇಶದ ಬೇರೆ ಜಿಲ್ಲೆಗಳಲ್ಲಿ ಇಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1861ರಲ್ಲಿ, ಮಾರ್ಕ್ ಕಬ್ಬನ್ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದಾಗ, ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗಲೂ ಅದರ 41ನೇ ಸೆಕ್ಷನ್ನಿನ ಅಡಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕೊಡವರ ಮನೆಯಲ್ಲಿ ಕೋವಿ ಅಂದರೆ ತೋಕ್. ಕೈಲ್‌ಪೊಳ್ದ್ ಹಬ್ಬದ ದಿನ ಅದನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಬೇಕು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಇದರ ಜೊತೆಗೆ ನೆನೆಯಬೇಕಾದ ಇನ್ನೊಂದು ಪದ್ಧತಿಯಿದೆ. ಹಿಂದೆ ಗದ್ದೆ ಕೆಲಸದ ಮಳೆಗಾಲ ಶುರುವಾದಾಗ ಕುಟುಂಬದ ಮೂಲಮನೆಯಾದ ಐನ್‌ಮನೆಯ ಆಯುಧಗಳು ಕನ್ನಿಕೊಂಬರೆ ಸೇರುತ್ತಿದ್ದವು. ನಾಟಿ ಮುಗಿದು ಕೈಲ್‌ಪೊಳ್ದ್ ಬಂದಾಗಲೇ ಹೊರಗೆ. ಕನ್ನಿಕೊಂಬರೆ ದೇವರ ಕೋಣೆ. ಮನಬಂದಂತೆ ಹೊಕ್ಕು ಹೊರಡುವ ಜಾಗವಲ್ಲ. ಬಳಕೆಯಿಲ್ಲದ ಹೊತ್ತಿನಲ್ಲಿ ಆಯುಧ ಕಣ್ಣಿಗೂ ಕೈಗೂ ದೂರವಿರಬೇಕು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಒಟ್ಟು ಕುಟುಂಬ ಚದುರಿ, ಐನ್‌ಮನೆಗೆ ಹಬ್ಬಕ್ಕಷ್ಟೇ ಹೋಗುವಂತಾಗಿ, ಕೋವಿ ಮಾತ್ರ ಒಬ್ಬೊಬ್ಬರ ತೋಟದ ಮನೆಗೂ ಮಡಿಕೇರಿಯ ಬಾಡಿಗೆ ಮನೆಗೂ ಬಂದಿದೆ. ಕೊಂಬರೆ ಬಂದಿಲ್ಲ. ಆ ಕೊರತೆಯನ್ನು ಉಕ್ಕಿನ ಪೆಟ್ಟಿಗೆ ತುಂಬಬೇಕು.

ಕೊಡಗಿನ ಆಚೆ ಮಲೆನಾಡಿನ ಮಿಕ್ಕ ರೈತರಿಗೆ ಲೈಸೆನ್ಸ್ ಬೇಕೇ ಬೇಕು. ಬೆಳೆ ರಕ್ಷಣೆಗೆಂದು ಕೊಡುವ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಿಂದ ಹಿಡಿದು ಹನ್ನೆರಡು ಬೋರಿನ ಜೋಡು ನಳಿಗೆಯವರೆಗೆ ಎಲ್ಲಕ್ಕೂ ಕಾಗದ ಇರಬೇಕು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಐದು ವರ್ಷವಾಯಿತು. ಅರ್ಜಿಯ ಜೊತೆ, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಬಹಳ ಮಂದಿ ಅದನ್ನು ಓದದೆ ಸಹಿ ಹಾಕುತ್ತಾರೆ. ಆದರೆ ಅದು ನಾವೇ ಕೊಟ್ಟ ಮಾತು.

ಪೆಟ್ಟಿಗೆಯ ಮಾತೆತ್ತಿದರೆ ಮನೆ ಯಜಮಾನರು ಸಾಮಾನ್ಯವಾಗಿ ಹೇಳುವುದು ಎರಡು. "ನಮ್ಮ ಮಕ್ಕಳಿಗೆ ಅದನ್ನು ಮುಟ್ಟಬಾರದು ಅಂತ ಗೊತ್ತು" ಎಂಬುದು ಒಂದು. "ರಾತ್ರಿ ಹಂದಿ ನುಗ್ಗಿದರೆ, ಕಳ್ಳ ಬಂದರೆ ಬೀಗ ತೆಗೆಯುತ್ತ ಕೂರಲಾ?" ಎಂಬುದು ಇನ್ನೊಂದು.

ಮೊದಲನೆಯದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2001ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಅದರ ವರದಿ ಬಂತು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು 29 ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಗುಂಡು ತುಂಬದ ನಿಜವಾದ ಕೈಕೋವಿಯೊಂದನ್ನು ಅಲ್ಲೇ ಒಂದು ಡ್ರಾಯರಿನಲ್ಲಿ ಇಟ್ಟಿದ್ದರು. 21 ಗುಂಪುಗಳಿಗೆ ಅದು ಸಿಕ್ಕಿತು. 16 ಗುಂಪುಗಳು ಕೈಗೆತ್ತಿಕೊಂಡವು. ಹತ್ತು ಗುಂಪುಗಳಲ್ಲಿ ಯಾರಾದರೊಬ್ಬ ಹುಡುಗ ಟ್ರಿಗರ್ ಒತ್ತಿಯೇಬಿಟ್ಟ. 2006ರ ಇನ್ನೊಂದು ಅಧ್ಯಯನದಲ್ಲಿ ಅಲಬಾಮಾದ ಹಳ್ಳಿಗಾಡಿನ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆ ಕೂರಿಸಿ ಕೇಳಿದರು. ಕೋವಿ ಎಲ್ಲಿದೆ ಎಂದು ಮಗುವಿಗೆ ಗೊತ್ತಿಲ್ಲ ಎಂದ ಮನೆಗಳಲ್ಲಿ ನೂರಕ್ಕೆ 39 ಮಕ್ಕಳಿಗೆ ಗೊತ್ತಿತ್ತು. ಮುಟ್ಟಿಯೇ ಇಲ್ಲ ಎಂದ ಮನೆಗಳಲ್ಲಿ ನೂರಕ್ಕೆ 22 ಮಕ್ಕಳು ಮುಟ್ಟಿ ನೋಡಿದ್ದರು. ಅಲಬಾಮಾದ ಮಗುವಿಗೂ ಸೋಮವಾರಪೇಟೆಯ ಮಗುವಿಗೂ ಕುತೂಹಲದಲ್ಲಿ ವ್ಯತ್ಯಾಸವಿರಲಾರದು. ದೇವರ ಪಟದ ಹಿಂದೆ ಬೀರುವಿನ ಕೀಲಿ ಇಡುವ ಅಜ್ಜಿ, ಅದು ತನಗೊಬ್ಬಳಿಗೇ ಗೊತ್ತು ಅಂದುಕೊಂಡಿರುತ್ತಾಳೆ. ಮೊಮ್ಮಕ್ಕಳು ಬೇಸಿಗೆ ರಜೆಯ ಮೊದಲ ವಾರದಲ್ಲೇ ಅದನ್ನು ಪತ್ತೆ ಮಾಡಿರುತ್ತಾರೆ.

ಎರಡನೆಯ ಮಾತಿನಲ್ಲಿ ನ್ಯಾಯವಿದೆ. ಗದ್ದೆ ಕಾಯುವವನಿಗೆ ಹೊತ್ತು ಮುಖ್ಯ. ಆದರೆ ಒಳ್ಳೆಯ ಬೀಗ ತೆಗೆಯಲು ಅರ್ಧ ನಿಮಿಷ ಸಾಕು. ಆನೆಯೋ ಹಂದಿಯೋ ಬಂದ ರಾತ್ರಿ ಟಾರ್ಚು ಹುಡುಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದವನು, ತುಂಬಿಟ್ಟ ಕೋವಿಯನ್ನು ಕತ್ತಲೆಯಲ್ಲಿ ತಡಕಾಡುವ ಬದಲು ದೀಪ ಹಾಕಿ ಬೀಗ ತೆಗೆದು ತೋಟಾ ತುಂಬುವ ಆ ಅರ್ಧ ನಿಮಿಷ ಅವನಿಗೆ ಎಚ್ಚರ ತಂದುಕೊಡುತ್ತದೆ. ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಮಿಸ್‌ಫೈರ್ ಸುದ್ದಿಗಳನ್ನು ಓದಿದವರಿಗೆ, ತುಂಬಿಟ್ಟ ಕೋವಿ ಯಾರ ಕಡೆ ತಿರುಗುತ್ತದೆ ಎಂದು ವಿವರಿಸಬೇಕಿಲ್ಲ. ಹೆಚ್ಚಾಗಿ ಅದು ಮನೆಯವರ ಕಡೆಗೇ, ಜೊತೆಯವರ ಕಡೆಗೇ ತಿರುಗುತ್ತದೆ.

ಈಗ ಪೆಟ್ಟಿಗೆಗೆ ಬರೋಣ. ಮೊದಲು ಅಳತೆ. ಮೂವತ್ತು ಇಂಚು ನಳಿಗೆಯ ಜೋಡು ನಳಿಗೆ ಕೋವಿ ಬುಡದಿಂದ ತುದಿಗೆ ಹತ್ತಿರಹತ್ತಿರ 115–120 ಸೆಂಟಿಮೀಟರ್. ಹಳೆಯ ಕೇಪಿನ ಕೋವಿ ಅದಕ್ಕಿಂತ ಉದ್ದವಿರುತ್ತದೆ, ಕೆಲವು ಐದು ಅಡಿ ಮುಟ್ಟುತ್ತವೆ. ಆನ್‌ಲೈನಿನಲ್ಲಿ ಸಿಗುವ ಹಲವು ಪೆಟ್ಟಿಗೆಗಳು ಪಿಸ್ತೂಲಿನ ಅಳತೆಯವು ಅಥವಾ ಗಿಡ್ಡ ರೈಫಲಿನ ಲೆಕ್ಕದವು. ಆದ್ದರಿಂದ ಪಟ ನೋಡಿ ಹಣ ಕಟ್ಟುವ ಮೊದಲು ನಿಮ್ಮ ಕೋವಿಗೆ ಟೇಪು ಹಿಡಿಯಿರಿ, ಪೆಟ್ಟಿಗೆಯ ಒಳ ಅಳತೆಯನ್ನು ಕೇಳಿ. ಮುರಿದು ತುಂಬುವ ತೋಟಾ ಕೋವಿಯಾದರೆ ಇನ್ನೊಂದು ಅನುಕೂಲವಿದೆ. ನಳಿಗೆಯ ಅಡಿಯ ಮುಂಗೈ ಮರವನ್ನು ಕಳಚಿದರೆ ನಳಿಗೆ, ಹಿಡಿ, ಮುಂಗೈ ಮರ ಎಂದು ಅದು ಮೂರು ತುಂಡಾಗುತ್ತದೆ. ಆಗ ಮೂರಡಿಗಿಂತ ಕಡಿಮೆ ಉದ್ದದ ಪೆಟ್ಟಿಗೆಯೂ ಸಾಕು. ಮುಂಗೈ ಮರವನ್ನು ಬೇರೆ ಕಡೆ ಬೀಗ ಹಾಕಿಟ್ಟರೆ, ಪೆಟ್ಟಿಗೆ ಒಡೆದವನಿಗೂ ಪೂರ್ತಿ ಕೋವಿ ಸಿಗುವುದಿಲ್ಲ. ಅಣ್ಣತಮ್ಮಂದಿರು ಕೂಡಿರುವ ಮನೆಯಾದರೆ ನಾಲ್ಕು ಕೋವಿಗಾಗುವಷ್ಟು ಜಾಗ ನೋಡಿ. ಒಬ್ಬರೇ ಇದ್ದರೆ ಇಪ್ಪತ್ತು ಕೋವಿ ಹಿಡಿಸುವ ಅಮೆರಿಕದ ಮಾದರಿಯ ಕಪಾಟಿಗೆ ದುಡ್ಡು ಸುರಿಯುವುದು ಬೇಡ.

ಆಮೇಲೆ ಉಕ್ಕು. ನಮ್ಮ ಮನೆಗಳ ಬಟ್ಟೆ ಬೀರುವಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಉದ್ದನೆಯ ಸ್ಕ್ರೂಡ್ರೈವರ್ ಬಾಗಿಲ ಸಂದಿಗೆ ಹೊಕ್ಕರೆ ಅದು ಬಾಗುತ್ತದೆ. ಬೀರುವಿನಲ್ಲಿ ಇಟ್ಟಿದ್ದೇವೆ ಎಂಬ ಸಮಾಧಾನ ಮಕ್ಕಳ ಮಟ್ಟಿಗೆ ಅಷ್ಟಿಷ್ಟು ನಿಜ, ಕಳ್ಳನ ಮಟ್ಟಿಗೆ ಅಲ್ಲ. ಬ್ರಿಟನ್ನಿನಲ್ಲಿ ಕೋವಿ ಕಪಾಟಿಗೆಂದೇ ಬಿಎಸ್ 7558 ಎಂಬ ಮಾನದಂಡವಿದೆ, ಅದು ಕೇಳುವ ತಗಡು ಕನಿಷ್ಠ ಎರಡು ಮಿಲಿಮೀಟರ್ ದಪ್ಪ. ಅಮೆರಿಕದ ಯುಎಲ್ ಸಂಸ್ಥೆಯ ಮನೆಪೆಟ್ಟಿಗೆ ಪರೀಕ್ಷೆಯಲ್ಲಿ ಮಾಮೂಲಿ ಕೈ ಉಪಕರಣಗಳ ಹೊಡೆತಕ್ಕೆ ಬಾಗಿಲು ಐದು ನಿಮಿಷ ತಡೆಯಬೇಕು. ಐದೇ ನಿಮಿಷವೇ ಎಂದು ಅನ್ನಿಸಬಹುದು. ಮನೆಗಳ್ಳನಿಗೆ ಸದ್ದು ಮಾಡುತ್ತ ಐದು ನಿಮಿಷ ಕಳೆಯುವುದು ದೊಡ್ಡ ಗಂಡಾಂತರ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 550 ತಿಜೋರಿಗಳಿಗೆ ಇರುವ ಮಾನದಂಡ. ಅಂಥ ತಿಜೋರಿಯೊಳಗೆ ಕೋವಿಯ ಉದ್ದ ಹಿಡಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಆದರೆ ಎಲ್ಲರೂ ದೊಡ್ಡ ಕಂಪನಿಯ ತಿಜೋರಿಯನ್ನೇ ತರಬೇಕಿಲ್ಲ. ಕುಶಾಲನಗರದಲ್ಲೋ ಹಾಸನದಲ್ಲೋ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯಲ್ಲೇ ಗಟ್ಟಿ ಪೆಟ್ಟಿಗೆ ಮಾಡಿಸಬಹುದು. ಮೂರು ಮಿಲಿಮೀಟರ್ ಶೀಟು ತೆಗೆದುಕೊಳ್ಳಿ. 140 ಸೆಂಟಿಮೀಟರ್ ಎತ್ತರ, 40 ಅಗಲ, 35 ಆಳದ ಪೆಟ್ಟಿಗೆಗೆ ಶೀಟಿನ ತೂಕವೇ ಸುಮಾರು 56 ಕೆ.ಜಿ. ಬರುತ್ತದೆ. ಕೆಲಸದವರಿಗೆ ಮೂರು ವಿಷಯ ಒತ್ತಿ ಹೇಳಬೇಕು. ಬಾಗಿಲು ಚೌಕಟ್ಟಿನ ಒಳಗೆ ಹುದುಗಿ ಕೂರಬೇಕು, ಮೇಲೆ ಹೊದ್ದುಕೊಂಡಂತೆ ಇರಬಾರದು; ಹುದುಗಿದ್ದರೆ ಹಾರೆಯ ತುದಿಗೆ ಹಿಡಿತ ಸಿಗುವುದಿಲ್ಲ. ಹಿಂಜಿನ ಪಿನ್ನು ಹೊರಗಿದ್ದರೆ ಅದನ್ನು ಕೊಯ್ದರೂ ಬಾಗಿಲು ಕಳಚದಂತೆ ಹಿಂಜಿನ ಪಕ್ಕದಲ್ಲೂ ಒಳಗಿಂದ ತಡೆ ಕೊಂಡಿಗಳಿರಬೇಕು. ಹಾಗೆಯೇ ಹೊರಗೆ ನೇತಾಡುವ ಬೀಗ ಬೇಡ, ಒಳಗೆ ಕೂರುವ ಬೀಗವೇ ಬೇಕು. ನೇತಾಡುವುದನ್ನು ಕಟ್ಟರಿನಿಂದ ಕತ್ತರಿಸುವುದು ಬಹಳ ಸುಲಭ.

ಬೀಗದ ಆಯ್ಕೆಯಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕಾದ ಒಂದು ಸಂಗತಿಯಿದೆ. ಬೆರಳಚ್ಚಿನ ಬೀಗಕ್ಕೆ ಈಗ ಜಾಹೀರಾತು ಬಲು ಜೋರು. ಜನವರಿಯ ಕೊಯ್ಲಿನ ಹೊತ್ತಿನಲ್ಲಿ ತೋಟದವರ ಬೆರಳ ತುದಿಯನ್ನೊಮ್ಮೆ ಹತ್ತಿರದಿಂದ ನೋಡಿ. ಕಾಫಿ ಹಣ್ಣಿನ ಅಂಟು ಕಪ್ಪಾಗಿ ಕೂತಿರುತ್ತದೆ, ಮೆಣಸಿನ ಬಳ್ಳಿ ಹಿಡಿದೂ ಹಿಡಿದೂ ಗೆರೆಗಳು ಸವೆದು ಚರ್ಮ ನುಣುಪಾಗಿರುತ್ತದೆ, ಅಡಿಕೆ ಸುಲಿದವರ ಹೆಬ್ಬೆರಳು ಸೀಳಿರುತ್ತದೆ. ಪಡಿತರ ಅಂಗಡಿಯ ಯಂತ್ರ ಆ ಬೆರಳನ್ನು ನಾಲ್ಕು ಸಲ ಒರೆಸಿ ಒತ್ತಿದರೂ ಗುರುತು ಹಿಡಿಯದೆ ಜನ ನಿಂತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಬೆರಳನ್ನು ನಂಬಿ ಕೋವಿಗೆ ಬೀಗ ಹಾಕುವುದು ನನಗೆ ಸರಿಕಾಣುವುದಿಲ್ಲ. ಅಂಕಿ ಒತ್ತುವ ಎಲೆಕ್ಟ್ರಾನಿಕ್ ಬೀಗ ಅದಕ್ಕಿಂತ ವಾಸಿ. ಆದರೆ ಜುಲೈ ತಿಂಗಳ ತೇವಕ್ಕೆ ಬ್ಯಾಟರಿಯ ತುದಿಗಳು ಹಸಿರುಗಟ್ಟುತ್ತವೆ, ಮಳೆಗಾಲಕ್ಕೆ ಮೊದಲು ಬ್ಯಾಟರಿ ಬದಲಿಸಲೇಬೇಕು. ಸಂಖ್ಯೆ ಮಗನ ಹುಟ್ಟಿದ ವರ್ಷವೋ ಜೀಪಿನ ನಂಬರೋ ಆಗಿರಬಾರದು. ತಿರುಗಿಸುವ ಡಯಲ್ ಬೀಗಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಚಳಿಗಾಲದ ಕತ್ತಲೆಯಲ್ಲಿ ತೆಗೆಯಲು ಮಾತ್ರ ಅಭ್ಯಾಸ ಬೇಕು.

ನನ್ನನ್ನು ಕೇಳಿದರೆ ಒಳ್ಳೆಯ ಲಿವರ್‌ಗಳ ಕೀಲಿ ಬೀಗವೇ ತೋಟದ ಮನೆಗೆ ಹೊಂದುತ್ತದೆ, ಒಂದು ಷರತ್ತಿನ ಮೇಲೆ. ಕೀಲಿ ಲೈಸೆನ್ಸುದಾರರ ಮೈಮೇಲೆ ಇರಬೇಕು, ಇಲ್ಲವೇ ಸಂಖ್ಯೆಯ ಬೀಗವಿರುವ ಪುಟ್ಟ ಡಬ್ಬಿಯಲ್ಲಿ ಇರಬೇಕು. ಮೊಳೆಗೆ ನೇತುಹಾಕಿದ ಕೀಲಿಗೊಂಚಲಿನಲ್ಲಿ, ಅಕ್ಕಿ ಡಬ್ಬದಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಬೀಗ ಇದ್ದೂ ಇಲ್ಲದಂತೆ. ಎರಡನೇ ಕೀಲಿಯನ್ನು ಬ್ಯಾಂಕಿನ ಲಾಕರಿನಲ್ಲಿ ಇಡಿ. ಕೋವಿ ಯಾರ ಹೆಸರಿನಲ್ಲಿದೆಯೋ ಅವರ ಕೈಗಷ್ಟೇ ಅದು ಸಿಗಬೇಕು ಎಂಬುದೇ ಕಾನೂನಿನ ಆಶಯ. ಹಾಗಾಗಿ ತೋಟದ ರೈಟರಿಗೋ ಡ್ರೈವರಿಗೋ "ಕೀಲಿ ಅಲ್ಲಿದೆ ನೋಡು" ಎಂದು ಹೇಳುವ ರೂಢಿ ನಿಲ್ಲಬೇಕು.

ಪೆಟ್ಟಿಗೆ ಬಂತು. ಎಲ್ಲಿ ಕೂರಿಸಬೇಕು? ಇದನ್ನು ಜನ ಕೊನೆಗೆ ಯೋಚಿಸುತ್ತಾರೆ, ಯೋಚಿಸಬೇಕಾದದ್ದು ಮೊದಲು.

ಪೆಟ್ಟಿಗೆ ಎಷ್ಟೇ ಭಾರವಿರಲಿ, ಬಿಗಿಯದೆ ನಿಲ್ಲಿಸಿದರೆ ಅದು ಸಾಮಾನು ಅಷ್ಟೆ. ನೂರು ಕೆ.ಜಿ.ಯ ಗೊಬ್ಬರವನ್ನು ಇಬ್ಬರು ಎತ್ತಿ ಪಿಕಪ್ಪಿಗೆ ಹಾಕುವ ಊರಿದು. ಮನೆ ಮಂದಿ ಮದುವೆಗೆ ಹೋದ ದಿನ ಮೂವರು ಬಂದರೆ ಪೆಟ್ಟಿಗೆಯನ್ನೇ ಹೊತ್ತೊಯ್ದು ನಿಧಾನಕ್ಕೆ ಒಡೆದುಕೊಳ್ಳುತ್ತಾರೆ. ಹಿಂಬದಿಯಲ್ಲಿ ಗೋಡೆಗೆ, ಕೆಳಗೆ ನೆಲಕ್ಕೆ, ಎರಡೂ ಕಡೆ 12 ಮಿಲಿಮೀಟರಿನ ಆಂಕರ್ ಬೋಲ್ಟು ಬಿಗಿಯಬೇಕು. ಬೋಲ್ಟಿನ ತಲೆ ಪೆಟ್ಟಿಗೆಯ ಒಳಗಡೆ ಬರಬೇಕು.

ಇಲ್ಲಿಯೇ ಹಳೆಯ ಮನೆಗಳ ತೊಂದರೆ ಶುರುವಾಗುವುದು. ಡ್ರಿಲ್ಲು ಹಿಡಿದ ಮೇಸ್ತ್ರಿ ಗೋಡೆಗೆ ಕೊರೆಯುವಾಗ ಹತ್ತಿರ ನಿಂತು ನೋಡಿ. ಗಾರೆ ದಾಟುವವರೆಗೆ ಬಿಳಿ ಪುಡಿ ಉದುರುತ್ತದೆ. ಆಮೇಲೆ ಕಿತ್ತಳೆಗೆಂಪು ಪುಡಿ ಬಂದು, ಡ್ರಿಲ್ಲು ಗೊರಗೊರ ಸದ್ದಿನೊಂದಿಗೆ ತಡೆತಡೆದು ಹೋದರೆ ಅದು ಜಂಬಿಟ್ಟಿಗೆ ಕಲ್ಲು. ಕಂದು ಪುಡಿ ಹೊರಬಂದು, ಸದ್ದೇ ಇಲ್ಲದೆ ಡ್ರಿಲ್ಲಿನ ಬಿಟ್ಟು ಒಳಗೆ ಜಾರಿದರೆ ಅದು ಮಣ್ಣಿನ ಗೋಡೆ. ಅದರಲ್ಲಿ ಬೋಲ್ಟು ಹಿಗ್ಗಿ ಕಚ್ಚುವುದಿಲ್ಲ, ಸ್ಪ್ಯಾನರ್ ಹಾಕಿದಂತೆಲ್ಲ ತಿರುಗುತ್ತಲೇ ಇರುತ್ತದೆ. ಜಂಬಿಟ್ಟಿಗೆಯಲ್ಲಿ ರಂಧ್ರಕ್ಕೆ ರಾಸಾಯನಿಕ ಅಂಟು ತುಂಬಿ ಕೂರಿಸುವ ಬೋಲ್ಟು ಚೆನ್ನಾಗಿ ನಿಲ್ಲುತ್ತದೆ. ಮಣ್ಣಿನ ಗೋಡೆಯನ್ನು ನಂಬಲೇಬೇಡಿ. ಮೂಲೆಯ ನೆಲವನ್ನು ಎರಡಡಿ ಚೌಕಕ್ಕೆ ಅಗೆದು, ಕಬ್ಬಿಣ ಕಟ್ಟಿ, ಒಂದಡಿ ಕಾಂಕ್ರೀಟು ಹಾಕಿಸಿ, ಅದಕ್ಕೇ ಪೆಟ್ಟಿಗೆಯನ್ನು ಬಿಗಿಸಿ. ಮರದ ಹಲಗೆಯ ಮಾಳಿಗೆ ಮತ್ತು ಅಟ್ಟ ಇದಕ್ಕೆ ಹೇಳಿದ ಜಾಗವಲ್ಲ. ಹಲಗೆ ಭಾರ ತಾಳಬೇಕು, ಬೋಲ್ಟೂ ಹಿಡಿಯಬೇಕು, ಎರಡೂ ಅನುಮಾನ.

ಮೂಲೆಯೇ ಒಳ್ಳೆಯದು ಎನ್ನಲು ಇನ್ನೊಂದು ಕಾರಣವಿದೆ. ಪೆಟ್ಟಿಗೆಯ ಬಾಗಿಲು ಬಿಚ್ಚುವ ಅಂಚು, ಅಂದರೆ ಹಿಂಜಿನ ಎದುರು ಬದಿ, ಪಕ್ಕದ ಗೋಡೆಗೆ ಹತ್ತಿರವಿರಬೇಕು. ಹಾರೆಯನ್ನು ಸಂದಿಗೆ ಸಿಕ್ಕಿಸಿದರೂ ಅದನ್ನು ಬೀಸಲು ಗೋಡೆ ಅಡ್ಡ ಬರುತ್ತದೆ. ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ಮೊದಲೇ ತೂಗಾಡಿಸಿ ನೋಡಿ. ಪಡಸಾಲೆಯಿಂದ, ಅಂಗಳದಿಂದ, ಕಿಟಕಿಯಿಂದ ಕಾಣದ ಒಳಕೋಣೆಯೇ ಸರಿಯಾದ ಜಾಗ. ಮಕ್ಕಳು ಮಲಗುವ ಕೋಣೆ ಬೇಡ. ಬಟ್ಟೆ ಬೀರುಗಳ ಸಾಲಿನ ನಡುವೆ ಹುದುಗಿಸಿ ಮುಂದೆ ಮರದ ಬಾಗಿಲು ಹಾಕಿಸಿದರೆ ಇನ್ನೂ ಮೇಲು. ಕೂರಿಸಿದ ಮೇಲೆ ಅದರ ಸುದ್ದಿ ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಮಾತಾಗಬಾರದು.

ಹೋಂಸ್ಟೇ ನಡೆಸುವವರಿಗೆ ಇದನ್ನು ಬಿಡಿಸಿಯೇ ಹೇಳಬೇಕಾಗಿದೆ. ಬೆಂಗಳೂರಿನಿಂದ ಬರುವ ಅತಿಥಿಗಳಿಗೆ ಗೋಡೆಯ ಮೇಲಿನ ಅಜ್ಜನ ಕೋವಿ ಒಂದು ಆಕರ್ಷಣೆ. ಕೈಗೆ ಕೊಡಿ, ಫೋಟೋ ತೆಗೆಸಿಕೊಳ್ಳುತ್ತೇವೆ ಎನ್ನುತ್ತಾರೆ. ಕೊಡಬೇಡಿ. ಅಪರಿಚಿತರು ರಾತ್ರಿಯಿಡೀ ಮಲಗುವ ಮನೆಯಲ್ಲಿ ಕೋವಿ ಗೋಡೆಯ ಮೇಲೆ ಇರುವುದೇ ತಪ್ಪು, ಅದರಲ್ಲಿ ತೋಟಾ ಇರಲಿ, ಇಲ್ಲದಿರಲಿ. ಗೋಡೆಗೆ ಅಲಂಕಾರ ಬೇಕಾದರೆ ಅಜ್ಜನ ಪಟ ಹಾಕಿ.

ಇನ್ನು ನಮ್ಮ ಸೀಮೆಯ ನಿಜವಾದ ಶತ್ರು ತೇವ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಜಾಸ್ತಿ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮನೆಗಳೊಳಗೆ ಅದು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ನೈಋತ್ಯದ ಮಳೆ ಬಡಿಯುವ ಹೊರಗೋಡೆಗೆ ಪೆಟ್ಟಿಗೆ ಒರಗಿಸಿದರೆ ಹಿಂಬದಿಯಲ್ಲಿ ನೀರೊಡೆಯುತ್ತದೆ. ಬಚ್ಚಲಿಗೆ ತಾಗಿದ ಗೋಡೆಯೂ ಬೇಡ. ಮನೆಯ ನಡುವಿನ ಒಳಗೋಡೆ ಆರಿಸಿ. ಪೆಟ್ಟಿಗೆಯ ಅಡಿ ನೆಲಕ್ಕೆ ಅಂಟದಂತೆ ಬೋಲ್ಟಿನ ಸುತ್ತ ದಪ್ಪ ರಬ್ಬರ್ ತುಂಡು ಕೊಟ್ಟು ಅರ್ಧ ಇಂಚು ಎತ್ತಿ.

ಕೋವಿಯನ್ನು ಚೀಲದಲ್ಲಿ ಸುತ್ತಿ ಇಡುವ ಅಭ್ಯಾಸ ಬಹಳ ಮಂದಿಗಿದೆ. ಚರ್ಮದ ಚೀಲ, ಉಣ್ಣೆಬಟ್ಟೆ, ಸ್ಪಂಜು ಇವೆಲ್ಲ ತೇವ ಹೀರಿ ನಳಿಗೆಗೆ ಒತ್ತಿ ಹಿಡಿಯುತ್ತವೆ. ಮಳೆಗಾಲ ಮುಗಿದ ಮೇಲೆ ಮುಂಗೈ ಮರ ಕಳಚಿ ನೋಡಿದರೆ, ಬೆವರಿನ ಕೈ ತಾಗುವ ಜಾಗದಲ್ಲಿ, ನಳಿಗೆಯ ಕೆಳಮೈಯಲ್ಲಿ, ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದಿರುತ್ತವೆ. ಉಜ್ಜಿದರೆ ಬಣ್ಣ ಹೋಗುತ್ತದೆ, ಗುಳಿ ಉಳಿಯುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಕೋವಿ ಬರಿಮೈಯಲ್ಲಿ, ತೆಳುವಾಗಿ ಎಣ್ಣೆ ಹಚ್ಚಿಕೊಂಡು ನಿಲ್ಲಲಿ. ಸಿಲಿಕಾ ಜೆಲ್ ಇಡಿ. ನೀಲಿ ಕಾಳು ನಸುಗೆಂಪಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಅದನ್ನು ಹುರಿಯಬೇಡಿ, ಆ ನೀಲಿ ಕೋಬಾಲ್ಟಿನದು. ಪೆಟ್ಟಿಗೆಯೊಳಗೆ ಸದಾ ಉಗುರುಬೆಚ್ಚಗೆ ಉರಿಯುವ ಸಣ್ಣ ವಿದ್ಯುತ್ ಕೊಳವೆಗಳೂ ಬಂದಿವೆ, ಕರೆಂಟು ಇರುವಷ್ಟು ದಿನ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಒಂದು ಗಾಳಿಗೆ ನಾಲ್ಕು ದಿನ ಕರೆಂಟು ಹೋಗುವ ಕಡೆ ಸಿಲಿಕಾ ಜೆಲ್ ಜೊತೆಗಿರಲೇಬೇಕು. ಕೇಪಿನ ಕೋವಿ ಇರುವವರು ಈಡು ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಾಕಬೇಕು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ಒಳಗಿಂದಲೇ ನಳಿಗೆಯನ್ನು ತಿನ್ನುತ್ತದೆ.

ಬೆಂಕಿ ತಡೆಯುವ ತಿಜೋರಿ ಬೇಕೇ ಎಂದು ಕೇಳುವವರಿದ್ದಾರೆ. ಅದರ ಗೋಡೆಯಲ್ಲಿ ಜಿಪ್ಸಂ ಹಲಗೆ ಇರುತ್ತದೆ. ಜಿಪ್ಸಂನ ತೂಕದಲ್ಲಿ ಐದನೇ ಒಂದು ಭಾಗ ನೀರೇ. ಕಾದಾಗ ಅದು ಆವಿಯಾಗಿ ಒಳಗನ್ನು ತಂಪಿಡುತ್ತದೆ. ಕಾಗದಪತ್ರ ಉಳಿಯಲು ಅದು ಒಳ್ಳೆಯದು. ಕೋವಿ ಬೆಂಕಿಗಿಂತ ಕಳ್ಳತನಕ್ಕೂ ತುಕ್ಕಿಗೂ ಹೆಚ್ಚು ಸಿಗುತ್ತದೆ, ಹಣ ಸೀಮಿತವಾಗಿದ್ದರೆ ದಪ್ಪ ಉಕ್ಕಿಗೆ ಹಾಕಿ.

ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೀಲಿ. ಸಾಧ್ಯವಾದರೆ ಬೇರೆ ಕೋಣೆ. 2005ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೋವಿಗೆ ಬೀಗ, ಗುಂಡು ತೆಗೆದಿಡುವುದು, ಗುಂಡಿಗೆ ಬೀಗ, ಗುಂಡನ್ನು ಬೇರೆ ಇಡುವುದು ಎಂಬ ನಾಲ್ಕನ್ನೂ ಒಂದೊಂದಾಗಿ ನೋಡಿತು. ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ, ಹದಿಹರೆಯದವರ ಸಾವುನೋವಿನ ಅಪಾಯ ಕಡಿಮೆಯಿದ್ದ ಮನೆಗಳಲ್ಲಿ ಹೆಚ್ಚಾಗಿ ಕಂಡಿತು.

ಕೇಪಿನ ಕೋವಿಯ ಮದ್ದಿನ ವಿಷಯದಲ್ಲಿ ಮಾತ್ರ ಈವರೆಗೆ ಹೇಳಿದ್ದಕ್ಕೆ ವಿರುದ್ಧವಾದ ಮಾತು ಹೇಳಬೇಕು. ಮದ್ದನ್ನು ದಪ್ಪ ಉಕ್ಕಿನ ಬಿಗಿ ಪೆಟ್ಟಿಗೆಯೊಳಗೆ ಇಡಬಾರದು. ಬೆಂಕಿ ತಗುಲಿದರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಪೆಟ್ಟಿಗೆಯೇ ಬಾಂಬಾಗುತ್ತದೆ. ಅಗತ್ಯಕ್ಕೆ ಬೇಕಾದಷ್ಟೇ ಸ್ವಲ್ಪ ಮದ್ದನ್ನು ಅದು ಬಂದ ಡಬ್ಬಿಯಲ್ಲೇ, ಒಲೆಯಿಂದ, ವಿದ್ಯುತ್ ತಂತಿಯಿಂದ, ಬಿಸಿಲಿನಿಂದ ದೂರ, ಬೀಗ ಹಾಕಿದ ಸಾದಾ ಮರದ ಪೆಟ್ಟಿಗೆಯಲ್ಲಿ ಇಡಿ. ಕೇಪುಗಳು ಅದರ ಹತ್ತಿರ ಸುಳಿಯಬಾರದು.

ಕೋವಿಯ ನಳಿಗೆಯ ಮೇಲೆ ಕೊರೆದ ನಂಬರು, ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಪ್ರತಿ, ಕೋವಿಯ ನಾಲ್ಕು ಫೋಟೋ, ಇಷ್ಟನ್ನು ಪೆಟ್ಟಿಗೆಯ ಹೊರಗೆ ಬೇರೆಡೆ ಇಟ್ಟಿರಿ. ಕಳವಾದರೆ ಅದೇ ದಿನ ಠಾಣೆಗೆ ತಿಳಿಸಬೇಕು, ಆಗ ಬೇಕಾಗುವುದು ಇವೇ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಮತ್ತೆ ತರುವಾಗಲೂ ಇವು ಉಪಯೋಗಕ್ಕೆ ಬರುತ್ತವೆ.

ಕಡೆಯದಾಗಿ, ಮನೆಗಳಲ್ಲಿ ಬಾಯಿಬಿಟ್ಟು ಆಡದ ಒಂದು ವಿಷಯ. ಬೆಲೆ ಕುಸಿದ ವರ್ಷ, ಬ್ಯಾಂಕಿನ ನೋಟಿಸು ಬಂದ ತಿಂಗಳು, ಮನೆಯಲ್ಲಿ ದೊಡ್ಡ ಸಾವಾದ ಮೇಲೆ, ಪರೀಕ್ಷೆಯಲ್ಲಿ ನಪಾಸಾದಾಗ, ಯಾರೋ ಒಬ್ಬರು ಮಾತು ಕಡಿಮೆ ಮಾಡಿ ಒಳಗೊಳಗೇ ಕುಗ್ಗುತ್ತಾರೆ. ಜೀವ ಬೇಡ ಅನ್ನಿಸುವ ಗಳಿಗೆ ಬಹುಪಾಲು ಜನರಲ್ಲಿ ಬಂದಷ್ಟೇ ಬೇಗ ಹಾದುಹೋಗುತ್ತದೆ. ಆ ಗಳಿಗೆಯಲ್ಲಿ ಕೋವಿ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಅಂಥ ಸಮಯದಲ್ಲಿ ಮನೆಯೊಳಗಿನ ಬೀಗ ಸಾಲದು, ಏಕೆಂದರೆ ಕುಗ್ಗಿದವರು ಕೀಲಿ ಇರುವವರೇ ಆಗಿರಬಹುದು. ಕೋವಿಯನ್ನೇ ಮನೆಯಿಂದ ಆಚೆ ಕಳಿಸಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ರಸೀತಿ ಪಡೆದು ಇಡಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ಹಣವಿಲ್ಲ.

ಲೈಸೆನ್ಸ್ ಬೇಕಿಲ್ಲದ ಮನೆಯವರಿಗೆ ನನ್ನ ವಿನಂತಿ ಇನ್ನೂ ಸ್ವಲ್ಪ ಜೋರಾಗಿಯೇ ಇದೆ. ಒಂದೂವರೆ ಶತಮಾನಕ್ಕೂ ಮೇಲೆ ಸರಕಾರಗಳು ನಿಮ್ಮ ಮೇಲೆ ಇಟ್ಟ ನಂಬಿಕೆಯೇ ಆ ವಿನಾಯಿತಿ; ಒಂದು ಮಗುವಿನ ಕೈಗೆ ಸಿಕ್ಕ ಕೋವಿ ಅದನ್ನು ಪ್ರಶ್ನಿಸುವವರ ಕೈಗೆ ಆಧಾರ ಕೊಡುತ್ತದೆ. ಮುಂದಿನ ಕೈಲ್‌ಪೊಳ್ದ್‌ಗೆ ಕೋವಿ ಒರೆಸಲು ತೆಗೆಯುವ ಮೊದಲೇ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟು ಬನ್ನಿ, ಮೇಸ್ತ್ರಿಯನ್ನು ಕರೆಸಿ ಗೋಡೆ ತೋರಿಸಿ. ಅಲ್ಲಿಯವರೆಗೆ, ಇವತ್ತು ರಾತ್ರಿಯೇ, ಕೋವಿಯಿಂದ ತೋಟಾ ತೆಗೆದು ಬೇರೆ ಕೋಣೆಯಲ್ಲಿ ಬೀಗ ಹಾಕಿ.